ಆ ಮಾರ್ಚ್ ತಿಂಗಳು, ನಮ್ಮ ನಿಮ್ಮ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಕೊರೊನಾ ಶುರುವಾದ ಮೊದಲ ವಾರಗಳಲ್ಲಿ ಮನೆಯೊಳಗೆ ನಡೆದ ಯಾವುದಾದರೂ ವಿಷಯ ಇನ್ನೂ ಮನಸ್ಸಲ್ಲಿ ಕೂತಿದ್ದರೆ ಕೇಳಿ ಅಂತ. ರೋಗದ ಬಗ್ಗೆ ಪತ್ರ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದರಲ್ಲಿ ಮುಕ್ಕಾಲು ಪಾಲು ಪಾತ್ರೆ, ಮೊಬೈಲ್ ಚಾರ್ಜರ್, ಅತ್ತೆ ಮಾವ, ಬಾತ್‌ರೂಮಿನ ಸರದಿ ಇವುಗಳ ಬಗ್ಗೆ! ಎಲ್ಲದಕ್ಕೂ ಜಾಗ ಇಲ್ಲ, ಕೆಲವನ್ನು ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಿಮ್ಮ ಮನೆಯಲ್ಲಿ ದಿನಚರಿ ತಪ್ಪಿದ್ದು ಯಾವತ್ತಿನಿಂದ ಅಂತ ಸರಿಯಾಗಿ ನೆನಪಿದೆಯಾ? ನನಗೆ ಆ ತಿಂಗಳೆಲ್ಲ ಕಲಸುಮೇಲೋಗರ.

ಉತ್ತರ: ಪೇಪರಿನ ತಾರೀಖು ಬೇರೆ, ಮನೆಯ ತಾರೀಖು ಬೇರೆ. ಪೇಪರಿನ ಪ್ರಕಾರ ಚೀನಾದ ವುಹಾನ್‌ಗೆ ಬೀಗ ಬಿದ್ದಿದ್ದು 2020ರ ಜನವರಿ 23ಕ್ಕೆ. ಕಾಯಿಲೆಗೆ ಕೋವಿಡ್-19 ಅಂತ ಹೆಸರಿಟ್ಟಿದ್ದು ಫೆಬ್ರವರಿ 11ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಪಿಡುಗು ಅಂದಿದ್ದು ಮಾರ್ಚ್ 11, ಬುಧವಾರ. ಅಷ್ಟರಲ್ಲಿ ಇಟಲಿ ಪೂರ್ತಿ ಬಾಗಿಲು ಹಾಕಿಕೊಂಡು ಕೂತಾಗಿತ್ತು. ಇದನ್ನೆಲ್ಲ ಆಗಲೇ ಓದಿದ್ದೆ. ಓದಿ, ಪೇಪರ್ ಮಡಚಿಟ್ಟು, ಅದರ ಮೇಲೇ ಮರುದಿನದ ಡಬ್ಬಿಗೆ ತರಕಾರಿ ಹೆಚ್ಚಿದ್ದೆ.

ನಮ್ಮ ಮನೆಗೆ ಅದು ಬಂದಿದ್ದು ಒಂದು ಸಂಜೆ, ಶಾಲೆಯ ಎರಡು ಸಾಲಿನ ಮೆಸೇಜಾಗಿ. ನಾಳೆಯಿಂದ ರಜೆ, ಮುಂದಿನ ಸೂಚನೆ ಬರುವ ತನಕ. ಮಗ ಕುಣಿದಾಡಿ ಬ್ಯಾಗನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಹನ್ನೊಂದನೇ ದಿನವೋ ಏನೋ, ಏನು ವಾಸನೆ ಅಂತ ಹುಡುಕುತ್ತಾ ಹೋಗಿ ಬ್ಯಾಗ್ ಬಿಚ್ಚಿದರೆ ಕೊನೆಯ ದಿನದ ಊಟದ ಡಬ್ಬಿ ಹಾಗೇ ಇದೆ. ಮುಚ್ಚಳ ತೆಗೆದೆ. ಬೂದು ಬಣ್ಣದ ಬೂಷ್ಟು, ಬೆಕ್ಕಿನ ಮರಿಯ ಮೈ ಥರ ಮೆತ್ತಗೆ, ಅಂಚಿನ ತನಕ ತುಂಬಿಕೊಂಡಿತ್ತು. ತೊಳೆಯಲು ಮನಸ್ಸು ಬರದೆ ಡಬ್ಬಿ ಸಮೇತ ಎಸೆದೆ. ಇದು ರಜೆ ಅಲ್ಲ ಅಂತ ನನಗೆ ತಿಳಿದಿದ್ದು ಅವತ್ತು.

ಪ್ರಶ್ನೆ: ಗಂಡ, ಎರಡು ಮಕ್ಕಳು, ಅತ್ತೆ, ಮಾವ, ನಾನು. ನನಗೂ ಕೆಲಸ, ಅವರಿಗೂ ಕೆಲಸ. ಎಲ್ಲರೂ ಮನೆಯಲ್ಲೇ ಇದ್ದ ಆ ದಿನಗಳಲ್ಲಿ ನನ್ನ ಕೆಲಸ ಮಾತ್ರ ಮೂರು ಪಟ್ಟಾಯ್ತು. ಮೀಟಿಂಗ್ ನಡುವೆ ಒಲೆ ಆರಿಸಲು ಎದ್ದು ಹೋಗುತ್ತಿದ್ದೆ. ಅವರು ಮೀಟಿಂಗ್ ಇದೆ ಅಂತ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಷ್ಟು ವರ್ಷ ಆದರೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ. ನಾನು ಸಣ್ಣ ಮನಸ್ಸಿನವಳಾ?

ಉತ್ತರ: ಅಲ್ಲ. ನಿಮ್ಮ ಲೆಕ್ಕ ಸರಿಯಾಗಿದೆ, ಅಷ್ಟೇ.

ದಿನಚರಿ ಅನ್ನುವುದನ್ನು ನಾವು ಗಡಿಯಾರದ ವಿಷಯ ಅಂದುಕೊಂಡಿದ್ದೆವು. ಆರಕ್ಕೆ ಏಳೋದು, ಎಂಟಕ್ಕೆ ಬಸ್ಸು. ಅದರೊಳಗೆ ಎಷ್ಟು ಜನರ ದುಡಿಮೆ ಇತ್ತು ಅಂತ ಗೊತ್ತಾಗಿದ್ದು ಅವರೆಲ್ಲ ಒಟ್ಟಿಗೇ ನಿಂತಾಗ. ಮಕ್ಕಳನ್ನು ದಿನಕ್ಕೆ ಏಳು ಗಂಟೆ ಕೂರಿಸಿ, ಓದಿಸಿ, ಜಗಳ ಬಿಡಿಸುತ್ತಿದ್ದುದು ಶಾಲೆ. ಮಧ್ಯಾಹ್ನದ ಊಟ ಆಫೀಸಿನ ಕ್ಯಾಂಟೀನಿನದ್ದು. ಪಾತ್ರೆ ತಿಕ್ಕಲು ಒಬ್ಬರು ಬರುತ್ತಿದ್ದರು. ಮಾವನವರನ್ನು ಸಂಜೆ ಎರಡು ಗಂಟೆ ಖುಷಿಯಾಗಿ ಇಡುತ್ತಿದ್ದುದು ಅವರ ಗೆಳೆಯರು. ಅಷ್ಟೂ ಕೆಲಸ ಒಂದೇ ವಾರದಲ್ಲಿ ಗಂಟುಮೂಟೆ ಕಟ್ಟಿಕೊಂಡು ಮನೆಯೊಳಗೆ ಬಂತು. ಬಂದು ನೇರ ಅಡುಗೆಮನೆಗೆ ಹೋಯ್ತು. ಅಲ್ಲಿ ಯಾರು ನಿಂತಿದ್ದರು? ಜಗತ್ತಿನಲ್ಲಿ ಒಂದು ಹಂತದಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳಿಗೆ ಶಾಲೆ ಕಾಲೇಜು ಮುಚ್ಚಿತ್ತು ಅಂತ ಯುನೆಸ್ಕೋ ಲೆಕ್ಕ ಕೊಟ್ಟಿತ್ತು. ಆ ಸಂಖ್ಯೆ ಓದಿದಾಗ ನನಗೆ ಮಕ್ಕಳು ಕಣ್ಣಿಗೆ ಬರಲಿಲ್ಲ, ಅಷ್ಟೂ ಮನೆಗಳ ಸಿಂಕ್ ಕಣ್ಣಿಗೆ ಬಂತು.

ನಮ್ಮಲ್ಲೂ ಆರು ಜನ. ಎರಡನೇ ವಾರ ಒಂದು ಮಧ್ಯಾಹ್ನ ತಲೆ ಕೆಟ್ಟು ಸಿಂಕಿನಲ್ಲಿದ್ದ ಲೋಟ ಎಣಿಸಿದೆ. ಇಪ್ಪತ್ತಮೂರು. ನೀರು ಕುಡಿಯಲು ಬಂದವರೆಲ್ಲ ಪ್ರತಿ ಸಲ ಹೊಸ ಲೋಟ ತೆಗೆದುಕೊಂಡು, ಕುಡಿದು, ಇಟ್ಟು ಹೋಗುತ್ತಿದ್ದರು. ನಾನು ಕೂಗಾಡಲಿಲ್ಲ (ಸುಳ್ಳು, ಸ್ವಲ್ಪ ಕೂಗಾಡಿದೆ). ಆರು ಲೋಟ ಹೊರಗಿಟ್ಟು ಉಳಿದದ್ದನ್ನು ಅಟ್ಟದ ಮೇಲೆ ಹಾಕಿದೆ. ಇದು ನಿಮ್ಮ ಲೋಟ, ನೀವೇ ತೊಳೆಯಬೇಕು, ಕಳೆದರೆ ಬೊಗಸೆಯಲ್ಲಿ ಕುಡಿಯಿರಿ ಅಂದೆ. ಮಗಳು ತನ್ನದಕ್ಕೆ ಸ್ಟಿಕ್ಕರ್ ಹಚ್ಚಿದಳು. ಮಾವ ಕಪ್ಪು ದಾರ ಕಟ್ಟಿಕೊಂಡರು. ನನ್ನವರು ಮೂರು ದಿನ ನನ್ನ ಲೋಟದಲ್ಲೇ ಕುಡಿದು ಸಿಕ್ಕಿಬಿದ್ದರು.

ಲೋಟದ ಮೇಲೆ ನಡೆದಿದ್ದು ಮಿಕ್ಕಿದ್ದರ ಮೇಲೆ ಅಷ್ಟು ಸಲೀಸಾಗಿ ನಡೆಯಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಕಂಡುಕೊಂಡೆ. "ಸ್ವಲ್ಪ ಸಹಾಯ ಮಾಡ್ರೀ" ಅಂದರೆ ಕೆಲಸ ನಿಮ್ಮದೇ ಆಗಿ ಉಳಿಯುತ್ತದೆ, ಅವರು ಉಪಕಾರ ಮಾಡಿದ ಹಾಗಾಗುತ್ತದೆ. ಅದರ ಬದಲು ರಾತ್ರಿಯ ಪಾತ್ರೆ ಪೂರ್ತಿ ಅವರದ್ದು, ತಿಕ್ಕುವುದು, ಒರೆಸುವುದು, ಕಟ್ಟೆ ತೊಳೆಯುವುದು, ಸೋಪು ಖಾಲಿಯಾಗುತ್ತಿದೆ ಅಂತ ನೋಡಿಕೊಳ್ಳುವುದೂ ಸೇರಿ. ಕಟ್ಟೆ ಜಿಡ್ಡು ಬಿಟ್ಟಿದ್ದರೆ ನೀವು ಹೋಗಿ ಮತ್ತೆ ಒರೆಸಬಾರದು. ಅದೇ ಕಷ್ಟ, ಗೊತ್ತು.

ಸಿಟ್ಟಿನ ಮಾತಿಗೆ ಬಂದರೆ, ಅದನ್ನು ಅವರಿಗೆ ಒಂದು ಸಲ ಹೇಳಿದ್ದೀರಾ? ಪತ್ರದಲ್ಲಿ ಆ ವಿಷಯ ಇಲ್ಲ. ಬಾಗಿಲು ಹಾಕಿಕೊಳ್ಳುತ್ತಿದ್ದಿರಿ ಅನ್ನುವ ಒಂದೇ ವಾಕ್ಯ ಹೇಳಿ ನೋಡಿ. ಇಡೀ ಪಟ್ಟಿ ಬೇಡ.

ಪ್ರಶ್ನೆ: ಆಗ ನಾನು ಐದನೇ ಕ್ಲಾಸು. ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮಲಗುತ್ತಿದ್ದೆ. ಅಮ್ಮನಿಗೆ ಈಗ ಹೇಳಬಹುದಾ?

ಉತ್ತರ: ಹೇಳು ಪುಟ್ಟ. ಹೊದಿಕೆ ಹೊದಿಸಿ ಹೋಗುತ್ತಿದ್ದವರು ಯಾರು ಅಂತಲೂ ಕೇಳು.

ಪ್ರಶ್ನೆ: ಹಾಲಿನ ಪ್ಯಾಕೆಟ್ಟು, ತರಕಾರಿ, ನೋಟು, ಚಿಲಕ ಎಲ್ಲ ಸೋಪಿನಲ್ಲಿ ತೊಳೆದು ನನ್ನ ಕೈ ಸುಲಿದು ಹೋಗಿತ್ತು. ಆಮೇಲೆ ಅದೆಲ್ಲ ಬೇಕಿರಲಿಲ್ಲ ಅಂದರು. ಈಗ ಮಕ್ಕಳು ಅದನ್ನು ಹೇಳಿ ನಗ್ತಾರೆ. ನಾವು ದಡ್ಡರಾಗಿದ್ದೆವಾ?

ಉತ್ತರ: ನಾನು ಪೇಪರಿಗೆ ಇಸ್ತ್ರಿ ಹಾಕಿದವಳು. ನಗುವುದಾದರೆ ಮೊದಲು ನನ್ನನ್ನು ನೋಡಿ ನಗಲಿ.

ಆಗ ಏನಾಯ್ತು ಅಂದರೆ, 2020ರ ಮಾರ್ಚ್‌ನಲ್ಲಿ ಒಂದು ಸಂಶೋಧನೆ ಬಂತು. ಪ್ರಯೋಗಾಲಯದಲ್ಲಿ ವೈರಸ್ಸನ್ನು ಬೇರೆ ಬೇರೆ ವಸ್ತುಗಳ ಮೇಲೆ ಹಾಕಿ ನೋಡಿದರೆ ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯವರೆಗೂ ಅದರ ಜೀವ ಕಂಡುಬಂತು. ಮೂರು ದಿನ ಅನ್ನುವುದಷ್ಟೇ ಮನೆಮನೆಗೆ ತಲುಪಿತು. ಆ ಮೂರು ದಿನದಲ್ಲಿ ಅದು ಗಂಟೆ ಗಂಟೆಗೂ ಕರಗುತ್ತಾ ಹೋಗಿ ಕೊನೆಗೆ ಉಳಿಯುವುದು ಎಲ್ಲೋ ಚೂರು ಅನ್ನುವುದು ತಲುಪಲಿಲ್ಲ. ಅದೇ ಸಂಶೋಧನೆಯಲ್ಲಿ ಇನ್ನೊಂದು ಮಾತೂ ಇತ್ತು: ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಲ್ಲಿ ಅದು ಮೂರು ಗಂಟೆಯಾದರೂ ಜೀವಂತವಾಗಿತ್ತು. ಅದನ್ನು ನಾವು ಓದಿ ಬಿಟ್ಟುಬಿಟ್ಟೆವು. ಕಾಯಿಲೆ ಹರಡುತ್ತಿದ್ದುದು ಹೆಚ್ಚಾಗಿ ಆ ದಾರಿಯಲ್ಲಿ, ಮುಚ್ಚಿದ ಕೋಣೆಯ ಗಾಳಿಯಲ್ಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ, ಸೋಂಕಿರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ಕಾಯಿಲೆ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತಲೂ ಕಡಿಮೆ ಅಂದಿತು. ಅಷ್ಟರಲ್ಲಿ ನಾನು ಕಿಟಕಿ ಭದ್ರವಾಗಿ ಮುಚ್ಚಿಕೊಂಡು ವರ್ಷಪೂರ್ತಿ ಪ್ಯಾಕೆಟ್ ತೊಳೆದಿದ್ದೆ. ತೆಗೆಯಬೇಕಾಗಿದ್ದು ಕಿಟಕಿ!

ಕೈ ತೊಳೆದದ್ದು ಮಾತ್ರ ವ್ಯರ್ಥ ಅಲ್ಲ. ಈ ವೈರಸ್ಸಿನ ಹೊರಗಡೆ ಕೊಬ್ಬಿನ ಪೊರೆ ಇದೆ. ಜಿಡ್ಡಿನ ಪಾತ್ರೆಗೆ ಸೋಪು ಏನು ಮಾಡುತ್ತದೋ ಆ ಪೊರೆಗೂ ಅದನ್ನೇ ಮಾಡುತ್ತದೆ, ಬಿಡಿಸಿ ಹಾಕುತ್ತದೆ. ಅದಕ್ಕೇ 20 ಸೆಕೆಂಡ್ ಉಜ್ಜಿ ಅಂದಿದ್ದು. ಬೇರೆ ಎಷ್ಟೋ ಕಾಯಿಲೆಗೂ ಅದು ಒಳ್ಳೆಯದೇ. ಆದರೆ ತರಕಾರಿಗೆ ಸೋಪು ಹಾಕಬೇಡಿ, ಹೊಟ್ಟೆಗೆ ಹೋದರೆ ವಾಂತಿ ಭೇದಿ ಆಗುತ್ತದೆ. ಹರಿಯುವ ನೀರು ಸಾಕು. ಇನ್ನೊಂದು, ನೆಲ ಒರೆಸುವ ಬ್ಲೀಚನ್ನೂ ಟಾಯ್ಲೆಟ್ ತೊಳೆಯುವ ಆಸಿಡನ್ನೂ ಯಾವ ಕಾಲಕ್ಕೂ ಒಟ್ಟಿಗೆ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಆ ದಿನಗಳಲ್ಲಿ ಜಾಸ್ತಿ ಶುಚಿ ಆಗಲಿ ಅಂತ ಹೀಗೆ ಮಾಡಿ ಬಾತ್‌ರೂಮಿನಿಂದ ಕೆಮ್ಮುತ್ತಾ ಓಡಿಬಂದವರಲ್ಲಿ ನಾನೂ ಒಬ್ಬಳು. ಹೊರಗಿನಿಂದ ಮಾವ, "ಕೊರೊನಾ ಬಂತು" ಅಂತ ಕೂಗಿದ್ದು ಬೇರೆ.

ಮಕ್ಕಳು ತೀರಾ ನಕ್ಕರೆ ಇದನ್ನು ಹೇಳಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್ವೈಸ್ ಅನ್ನುವ ವೈದ್ಯರು, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕೈ ತೊಳೆದುಕೊಂಡು ಬನ್ನಿ ಅಂತ ತಮ್ಮವರಿಗೆ ಹೇಳಿದರು. ಬಾಣಂತಿಯರ ಸಾವು ಕಡಿಮೆಯಾಯ್ತು. ಆದರೂ ಎಷ್ಟೋ ವೈದ್ಯರಿಗೆ ಅವರ ಮಾತು ರುಚಿಸಲಿಲ್ಲ. ಕೈ ತೊಳೆ ಅಂದರೆ ಮುಖ ಗಂಟಿಕ್ಕುವುದು ನಿಮ್ಮ ಮನೆಯಲ್ಲಿ ಶುರುವಾಗಿದ್ದಲ್ಲ.

ಪ್ರಶ್ನೆ: ಗಂಡ ಹೆಂಡತಿ ಇಪ್ಪತ್ನಾಲ್ಕು ಗಂಟೆ ಒಟ್ಟಿಗಿದ್ದರೆ ಪ್ರೀತಿ ಜಾಸ್ತಿಯಾಗುತ್ತೆ ಅಂತಾರೆ. ನಿಮ್ಮ ಅನುಭವ?

ಉತ್ತರ: ಮನೆಗೆ ಎಷ್ಟು ಬಾಗಿಲಿದೆ ಅನ್ನುವುದರ ಮೇಲೆ ಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಆಗ ಎಪ್ಪತ್ತಾರು. ದಿನಾ ಸಂಜೆ ವಾಕಿಂಗ್ ಹೋಗಿ ಗೆಳೆಯರ ಜೊತೆ ಕೂತು ಬರುವವರು. ಹೊರಗೆ ಹೋಗಬೇಡಿ ಅಂತ ಎಷ್ಟು ಹೇಳಿದರೂ ಕದ್ದು ಹೋಗುತ್ತಿದ್ದರು. ಒಂದು ದಿನ ಚಪ್ಪಲಿ ಬಚ್ಚಿಟ್ಟೆ. ಎಲ್ಲರೆದುರು ಗದರಿದೆ. ಅವರು ಆಮೇಲೆ ಹೊರಗೆ ಹೋಗಲಿಲ್ಲ, ಮಾತೂ ಕಡಿಮೆ ಮಾಡಿದರು. ಈಗ ಅವರಿಲ್ಲ, ಹೋಗಿದ್ದು ಬೇರೆ ಕಾಯಿಲೆಯಿಂದ. ಚಪ್ಪಲಿ ಕಂಡರೆ ಹೊಟ್ಟೆಯಲ್ಲಿ ಸಂಕಟ.

ಉತ್ತರ: ಅಣ್ಣಾ, ಈ ಪತ್ರವನ್ನು ಎರಡು ಸಲ ಓದಿದೆ.

ನೀವು ಹೆದರಿದ್ದಕ್ಕೆ ಕಾರಣ ಇತ್ತು. ವಯಸ್ಸಾದವರಿಗೇ ಈ ಕಾಯಿಲೆ ಜಾಸ್ತಿ ಅಪಾಯ ಅನ್ನುವುದು ಮೊದಲ ವಾರಗಳಲ್ಲೇ ಗೊತ್ತಾಗಿತ್ತು, ಆಮೇಲೂ ಅದು ಸುಳ್ಳಾಗಲಿಲ್ಲ. ಮಗನಾಗಿ ಬಾಗಿಲಿಗೆ ಅಡ್ಡ ನಿಂತಿರಿ. ಬಯಲಿನ ಗಾಳಿಯಲ್ಲಿ ಒಬ್ಬರೇ ನಡೆದು ಬಂದಿದ್ದರೆ ಅಪಾಯ ಅಷ್ಟಿರಲಿಲ್ಲ, ನಾಲ್ಕು ಜನ ಒತ್ತಾಗಿ ಕೂತು ಹರಟುವುದರಲ್ಲೇ ಇತ್ತು. ಈ ವ್ಯತ್ಯಾಸ ಆಗ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಎಷ್ಟೋ ಊರುಗಳಲ್ಲಿ ಪಾರ್ಕಿಗೇ ಬೀಗ ಹಾಕಿದ್ದರು.

ನಮ್ಮ ಮಾವನ ಕಥೆ ಹೇಳುತ್ತೇನೆ, ಸಮಾಧಾನಕ್ಕಲ್ಲ. ಅವರೂ ಮೊದಲೆರಡು ವಾರ ಟಿವಿ ಮುಂದೆ ಕೂತು ಇವತ್ತು ಎಷ್ಟು ಜನ ಅಂತ ಲೆಕ್ಕ ಓದುತ್ತಿದ್ದರು, ಜೋರಾಗಿ, ಮಕ್ಕಳಿಗೂ ಕೇಳುವ ಹಾಗೆ. ಒಂದು ಸಂಜೆ ಐದೂವರೆಗೆ ನೋಡಿದರೆ ಇಸ್ತ್ರಿ ಮಾಡಿದ ಶರ್ಟು, ಕೈಗೆ ವಾಚು, ತಲೆ ಬಾಚಿ ತಯಾರಾಗಿ ನಿಂತಿದ್ದಾರೆ. ಎಲ್ಲಿಗೆ ಮಾವ ಅಂದೆ. ವಾಕಿಂಗ್ ಅಂದರು. ಮುಂಬಾಗಿಲಿಂದ ಹಿತ್ತಲ ಬಾಗಿಲಿಗೆ ನಡೆದರು, ಅಲ್ಲಿಂದ ಮುಂಬಾಗಿಲಿಗೆ. ಎಷ್ಟು ಸುತ್ತು ಅಂತ ಮರೆಯುತ್ತದೆ ಅಂತ ಕಿಟಕಿಯ ಕಟ್ಟೆ ಮೇಲೆ ಬೆಂಕಿಕಡ್ಡಿ ಇಟ್ಟುಕೊಂಡಿದ್ದರು. ಒಂದು ಸುತ್ತಿಗೆ ಒಂದು ಕಡ್ಡಿ ಎಡದಿಂದ ಬಲಕ್ಕೆ. ನಲವತ್ತು ಕಡ್ಡಿ. ಎದುರು ಸಿಕ್ಕಿದವರಿಗೆಲ್ಲ, ಅಂದರೆ ನನಗೆ ಮತ್ತು ಮಕ್ಕಳಿಗೆ, "ಏನು, ಆರಾಮಾ?" ಅಂತ ಕೇಳಿಕೊಂಡು ಹೋಗುತ್ತಿದ್ದರು. ನಾನು ಮೊದಲ ದಿನ ನೆಲ ಒರೆಸಿದ್ದೇನೆ, ಹೆಜ್ಜೆ ಮೂಡುತ್ತೆ ಅಂತ ಸಿಡುಕಿದೆ. ಅದು ಈಗಲೂ ನನಗೆ ನೆನಪಾಗುತ್ತದೆ.

ಗದರಿದ್ದು ತಪ್ಪೇ, ಅದನ್ನು ಅಲ್ಲ ಅನ್ನಲಾರೆ. ಭಯವಾದಾಗ ನಮ್ಮ ಬಾಯಲ್ಲಿ ಪ್ರೀತಿ ಗದರಿಕೆಯಾಗೇ ಬರುತ್ತದೆ, ಮಕ್ಕಳು ರಸ್ತೆ ದಾಟುವಾಗ ಕಿರುಚಿದ ಹಾಗೆ. ಅಪ್ಪಂದಿರಿಗೆ ಅದು ಗೊತ್ತಿರುತ್ತದೆ, ಎಷ್ಟೋ ಸಲ ಅವರೇ ನಮ್ಮ ಮೇಲೆ ಹಾಗೆ ಕಿರುಚಿರುತ್ತಾರೆ. ಅವರ ಗೆಳೆಯರಲ್ಲಿ ಯಾರಾದರೂ ಇದ್ದರೆ ಒಂದು ಸಂಜೆ ಹೋಗಿ ಅವರ ಜೊತೆ ಕೂತು ಬನ್ನಿ. ಚಪ್ಪಲಿ ವಿಷಯ ಅವರಿಗೆ ಹೇಳಿ.

ಪ್ರಶ್ನೆ: ಮಾಸ್ಕ್ ಬೇಡ ಅಂದರು, ಆಮೇಲೆ ಬೇಕೇ ಬೇಕು ಅಂದರು. ಇಂಥವರನ್ನು ನಂಬೋದು ಹೇಗೆ?

ಉತ್ತರ: ಮೊದಲು ಬೇಡ ಅಂದಿದ್ದಕ್ಕೆ ಎರಡು ಕಾರಣ ಇತ್ತು. ಆಸ್ಪತ್ರೆಯವರಿಗೇ ಮಾಸ್ಕ್ ಸಾಲುತ್ತಿರಲಿಲ್ಲ. ಜ್ವರ ಕೆಮ್ಮು ಏನೂ ಇಲ್ಲದವರಿಂದಲೂ ಇದು ಹರಡುತ್ತದೆ ಅನ್ನುವುದು ಆಗಿನ್ನೂ ಸರಿಯಾಗಿ ತಿಳಿದಿರಲಿಲ್ಲ. ಸೋಂಕು ಹೆಚ್ಚಿರುವ ಕಡೆ, ದೂರ ನಿಲ್ಲಲು ಆಗದಿದ್ದರೆ ಜನರೂ ಬಟ್ಟೆ ಮಾಸ್ಕ್ ಹಾಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರ ಜೂನ್ 5ಕ್ಕೆ. ತಡವಾಯ್ತು ಅಂತಲೇ ನನ್ನ ಅಭಿಪ್ರಾಯ. ಮೊದಲನೇ ಕಾರಣವನ್ನು ಜನರ ಹತ್ತಿರ ನೇರವಾಗಿ ಹೇಳಿದ್ದರೆ ನಾವು ಹಳೇ ಬಟ್ಟೆ ಹರಿದು ಹೊಲಿದುಕೊಳ್ಳುತ್ತಿದ್ದೆವು, ಅಲ್ವಾ? ಆದರೆ ಹೊಸದು ತಿಳಿದ ಮೇಲೆ ಮಾತು ಬದಲಿಸಿದವರನ್ನು ನಾನು ನಂಬುತ್ತೇನೆ. ಮೊದಲ ದಿನದಿಂದ ಇವತ್ತಿನ ತನಕ ಒಂದೇ ಮಾತು ಹೇಳುತ್ತಿರುವ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ದೊಡ್ಡಪ್ಪನನ್ನು ನಂಬುವುದಿಲ್ಲ.

ಪ್ರಶ್ನೆ: ಕ್ವಾರಂಟೈನ್ ಅಂದರೆ ನಲವತ್ತು ದಿನವಂತೆ. ಮತ್ತೆ ನಮ್ಮನ್ನು 14 ದಿನ ಕೂರಿಸಿದ್ದು ಯಾಕೆ?

ಉತ್ತರ: ಹೌದು, ವೆನಿಸ್ ಕಡೆಯ ಮಾತಿನಲ್ಲಿ ಆ ಪದಕ್ಕೆ ನಲವತ್ತು ದಿನ ಅಂತಲೇ ಅರ್ಥ. ಪ್ಲೇಗಿನ ಕಾಲದಲ್ಲಿ ಬಂದರಿಗೆ ಬಂದವರನ್ನು ದೂರವೇ ಕಾಯಿಸುತ್ತಿದ್ದರು. 1377ರಲ್ಲಿ ರಗೂಸಾದಲ್ಲಿ, ಅಂದರೆ ಈಗಿನ ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್‌ನಲ್ಲಿ, ಇಂಥ ನಿಯಮ ಮಾಡಿದಾಗ ಅದು 30 ದಿನವೇ ಇತ್ತು, ಆಮೇಲೆ 40 ಆಯ್ತು. ಕೋವಿಡ್‌ನಲ್ಲಿ ಸೋಂಕು ತಗಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಹೆಚ್ಚೆಂದರೆ 14 ದಿನ ಅಂತ ಆಗ ಲೆಕ್ಕ ಹಾಕಿದ್ದರು. ಅದಕ್ಕೇ 14.

ಮನೆಯಲ್ಲಿ ಅದು ಹೇಗಿತ್ತು ಅನ್ನುವುದು ಬೇರೆ. ನನ್ನವರು ಹೊರಗಿನಿಂದ ಬಂದು ರೂಮಿನಲ್ಲಿ ಕೂತರು. ತಟ್ಟೆ ಬಾಗಿಲ ಹತ್ತಿರ ಇಟ್ಟು ಎರಡು ಸಲ ತಟ್ಟಿ ಓಡಿಬರುವುದು ಮಕ್ಕಳ ಆಟವಾಯ್ತು. ಮೂರನೇ ದಿನಕ್ಕೆ ಒಳಗಿನಿಂದ ಅಡುಗೆಮನೆಗೆ ಫೋನ್ ಬರತೊಡಗಿತು, ಉಪ್ಪು ಕಡಿಮೆ ಅಂತ. ಹದಿನಾಲ್ಕು ದಿನ ಆದ ಮೇಲೂ ಅವರಿಗೆ ಹೊರಗೆ ಬರುವ ಆತುರ ಕಾಣಲಿಲ್ಲ. ವೆನಿಸ್‌ನವರಿಗೂ ಹೀಗೇ ಆಗಿ ನಲವತ್ತಾಯ್ತೋ ಏನೋ.

ಪ್ರಶ್ನೆ: ಇಂಥದ್ದು ಇನ್ನೊಮ್ಮೆ ಬಂದರೆ ಮನೆಯಲ್ಲಿ ಏನೇನು ತಂದಿಟ್ಟುಕೊಂಡಿರಬೇಕು?

ಉತ್ತರ: ಮೂಟೆ ಬೇಡ. ಅವತ್ತು ಅಂಗಡಿಯ ಗೂಡುಗಳು ಖಾಲಿಯಾಗಿದ್ದು ಹೆಚ್ಚಾಗಿ ಎಲ್ಲರೂ ಒಂದೇ ದಿನ ಒಂದೊಂದು ಜಾಸ್ತಿ ಎತ್ತಿಕೊಂಡಿದ್ದರಿಂದ. ದಿನಾ ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಸಾಕಾಗುವಷ್ಟು ಇರಲಿ. ಕೆಲಸ ಮಾಡುವ ಥರ್ಮಾಮೀಟರ್ ಇರಲಿ. ನಮ್ಮದರ ಸೆಲ್ ಸತ್ತು ಎರಡು ವರ್ಷ ಆಗಿತ್ತು, ಗೊತ್ತಾಗಿದ್ದು ಮಗಳ ಮೈ ಬಿಸಿಯಾದ ರಾತ್ರಿ. ಡಾಕ್ಟರು, ಔಷಧಿ ಅಂಗಡಿ, ಪಕ್ಕದ ಮನೆಯವರ ನಂಬರ್ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಸ್ಯಾನಿಟೈಸರ್ ತಂದರೆ ಆಲ್ಕೋಹಾಲ್ 60 ಪರ್ಸೆಂಟ್‌ಗಿಂತ ಕಡಿಮೆ ಇರುವುದು ಬೇಡ. ಹಚ್ಚಿಕೊಂಡು ಕೈ ಒಣಗುವ ಮುಂಚೆ ಒಲೆ ಹಚ್ಚಬೇಡಿ.

ಅದಕ್ಕಿಂತ ಮುಖ್ಯ ಇನ್ನೊಂದು ಕಾಗದ. ಶಾಲೆ ಮುಚ್ಚಿದರೆ ಮಕ್ಕಳ ಜೊತೆ ಬೆಳಿಗ್ಗೆ ಯಾರು, ಮಧ್ಯಾಹ್ನ ಯಾರು. ಪಾತ್ರೆ ಯಾರದ್ದು. ಇರುವ ಒಂದು ಲ್ಯಾಪ್‌ಟಾಪ್ ಹತ್ತು ಗಂಟೆಗೆ ಯಾರಿಗೆ. ಕೆಲಸಕ್ಕೆ ಬರುತ್ತಿದ್ದವರು ಬರದಿದ್ದರೂ ಅವರ ಸಂಬಳ ಕೊಡುತ್ತೇವಾ, ಎಷ್ಟು ತಿಂಗಳು. ಇದನ್ನು ಈಗಲೇ, ಯಾರಿಗೂ ಹೆದರಿಕೆ ಇಲ್ಲದಿರುವಾಗ ಮಾತಾಡಿ ಬರೆದಿಡಿ. ಆ ಮಾರ್ಚ್‌ನಲ್ಲಿ ನಾವು ಇಪ್ಪತ್ತು ಸೋಪು ತಂದಿಟ್ಟುಕೊಂಡಿದ್ದೆವು, ಈ ಐದು ಮಾತು ಆಡಿರಲಿಲ್ಲ.

ಪ್ರಶ್ನೆ: ಆಗ ಅಂಟಿಕೊಂಡ ಯಾವ ಅಭ್ಯಾಸ ನಿಮ್ಮಲ್ಲಿ ಇನ್ನೂ ಉಳಿದಿದೆ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ಕ್ಕೇ ತುರ್ತು ಪರಿಸ್ಥಿತಿ ಮುಗಿಯಿತು ಅಂದಿದೆ. ಆದರೂ ಲಿಫ್ಟಿನ ಬಟನ್ ನಾನು ಮೊಣಕೈಯಲ್ಲೇ ಒತ್ತೋದು. ಹೋದ ವಾರ ಲಿಫ್ಟಿನಲ್ಲಿ ಒಂದು ಪುಟ್ಟ ಹುಡುಗಿ, ನಾಲ್ಕು ವರ್ಷ ಇರಬಹುದು, ನೋಡುತ್ತಾ ನಿಂತಿದ್ದಳು. "ಆಂಟಿ, ನಿಮ್ಮ ಬೆರಳಿಗೆ ಗಾಯ ಆಗಿದೆಯಾ?" ಅಂತ ಕೇಳಿದಳು. ಹೂಂ ಅಂದೆ.